ಹೆಸರಿನ ಮುಂದಿನ ‘ಡಾ.’ ಎಲ್ಲಿಂದ ಬಂತು? ಬಿ.ಎ.ಗೆ ಕಾಲೇಜು ಆರಿಸುವಾಗ ಅಧ್ಯಾಪಕರ ಓದನ್ನು ಹೋಲಿಸುವ ಬಗೆ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲಿನ ಒಂದು ಭಾನುವಾರ ನನ್ನ ಹೆಂಡತಿಯ ದೂರದ ತಮ್ಮ, ಮದ್ದೂರಿನ ಕಡೆಯವರು, ಮಗಳನ್ನು ಕರೆದುಕೊಂಡು ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಗೆ ಬಂದರು. ಹುಡುಗಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಓದಿ ಒಳ್ಳೆಯ ಅಂಕ ಪಡೆದಿದ್ದಾಳೆ. ಮೂರು ಕಡೆ ಅರ್ಜಿ ಹಾಕಿದ್ದಾರೆ: ಮೈಸೂರಿನ ಒಂದು ಹಳೆಯ ಕಲಾ ಕಾಲೇಜು, ಮಂಡ್ಯದ ಒಂದು ಸರ್ಕಾರಿ ಕಾಲೇಜು, ಹಲವು ವಿಷಯಗಳನ್ನು ಬೆರೆಸಿ ಓದಿಸುವ, ಬೆಂಗಳೂರಿನ ಒಂದು ಖಾಸಗಿ ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯ. ಮೂರು ಕಡೆಯೂ ಸೀಟು ಸಿಗುವ ಹಾಗಿದೆ. ಕಾಫಿ ಲೋಟ ಕೆಳಗಿಟ್ಟು ಅವರು ಕೇಳಿದರು: “ಭಾವ, ಕಟ್ಟಡ ನೋಡಿಕೊಂಡು ಬಂದೆವು, ಹಾಸ್ಟೆಲ್ ನೋಡಿಕೊಂಡು ಬಂದೆವು. ಪಾಠ ಮಾಡುವವರನ್ನು ನೋಡುವುದು ಹೇಗೆ?”

ಮೂವತ್ತೊಂದು ವರ್ಷ ಪದವಿ ತರಗತಿಗೆ ಇತಿಹಾಸ ಪಾಠ ಮಾಡಿದ ನನಗೆ ಈ ಪ್ರಶ್ನೆಯನ್ನು ಯಾವ ಪೋಷಕರೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಹುಡುಗಿ ಅಷ್ಟರಲ್ಲಿ ಮೊಬೈಲ್ ತೆರೆದು ಮೂರೂ ಕಡೆಯ ಅಧ್ಯಾಪಕರ ಪಟ್ಟಿಯನ್ನು ತೋರಿಸಿದಳು. “ಎಲ್ಲರೂ ಡಾಕ್ಟರೇ ಇದ್ದಾರೆ ಮಾವ. ವ್ಯತ್ಯಾಸ ಎಲ್ಲಿದೆ ಅಂತ ಗೊತ್ತಾಗುತ್ತಿಲ್ಲ.”

ವ್ಯತ್ಯಾಸ ಇದೆ. ಆದರೆ ಅದು ‘ವಿದ್ಯಾರ್ಹತೆ’ ಎಂಬ ಕಾಲಂನಲ್ಲಿ ಕಾಣುವುದಿಲ್ಲ. ಆ ಮಧ್ಯಾಹ್ನ ಅವಳಿಗೆ ಹೇಳಿದ್ದನ್ನೂ, ಅವರು ಹೋದ ಮೇಲೆ ಹೊಳೆದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಈ ವರ್ಷ ಇಂಥದೇ ಆಯ್ಕೆಯ ಮುಂದೆ ನಿಂತ ಬೇರೆ ಮನೆಗಳಿಗೂ ಉಪಯೋಗವಾಗಲಿ.

ಮೊದಲು ನಿಯಮದ ಮಾತು, ಚುಟುಕಾಗಿ

ಕಾಲೇಜು ಅಥವಾ ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಸಂಬಂಧಪಟ್ಟ ವಿಷಯದಲ್ಲಿ ಶೇ 55 ಅಂಕಗಳ ಸ್ನಾತಕೋತ್ತರ ಪದವಿ ಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದ ಅಭ್ಯರ್ಥಿಗಳಿಗೆ ಹಾಗೂ ಅಂಗವಿಕಲರಿಗೆ ಶೇ 5ರಷ್ಟು ವಿನಾಯಿತಿ ಇದೆ. ಅದರ ಮೇಲೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ರಾಷ್ಟ್ರಮಟ್ಟದ ನೆಟ್ ಅಥವಾ ನಮ್ಮ ರಾಜ್ಯದ ಕೆಸೆಟ್ ಪಾಸಾಗಿರಬೇಕು, ಇಲ್ಲವೇ ನಿಯಮದ ಪ್ರಕಾರ ಪಡೆದ ಪಿಎಚ್.ಡಿ. ಇರಬೇಕು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿ ವಿಶ್ವವಿದ್ಯಾಲಯದ ವಿಭಾಗಗಳಿಗೆ ಪಿಎಚ್.ಡಿ.ಯನ್ನೇ ಕಡ್ಡಾಯ ಮಾಡಲು ಹೊರಟಿತ್ತು. ಆ ದಿನಾಂಕ ಮುಂದಕ್ಕೆ ಹೋಗಿ, 2023ರ ಜುಲೈಯಲ್ಲಿ ಕಡ್ಡಾಯವೇ ಕೈಬಿಟ್ಟುಹೋಯಿತು. ಹೀಗಾಗಿ ಪಟ್ಟಿಯಲ್ಲಿ ‘ಎಂ.ಎ., ನೆಟ್’ ಎಂದಿರುವವರು ಅರ್ಹತೆಯಲ್ಲಿ ಕಡಿಮೆಯವರೇನಲ್ಲ. ಹೊಸಿಲು ಎಲ್ಲರಿಗೂ ಒಂದೇ. ಅದನ್ನು ದಾಟಿದವರ ನಡುವಿನ ಅಂತರವನ್ನು ಅಳೆಯಲು ಬೇರೆ ಕೋಲು ಬೇಕು.

ಪಿಎಚ್.ಡಿ. ಎಲ್ಲ ಕಡೆಯೂ ಒಂದೇ ಅಲ್ಲ

ಖಾಸಗಿ ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯಗಳು ಅಧ್ಯಾಪಕರ ಹೆಸರಿನ ಪಕ್ಕದಲ್ಲಿಯೇ ಅವರು ಪಿಎಚ್.ಡಿ. ಪಡೆದ ಊರನ್ನೂ ಮುದ್ರಿಸುತ್ತವೆ. ಷಿಕಾಗೊ, ಆಕ್ಸ್‌ಫರ್ಡ್, ದೆಹಲಿಯ ಜೆಎನ್‌ಯು ಎಂಬ ಹೆಸರುಗಳು ಸಾಲುಗಟ್ಟಿರುತ್ತವೆ. ನಮ್ಮ ಜಿಲ್ಲೆಗಳ ಕಾಲೇಜುಗಳ ಪಟ್ಟಿಯಲ್ಲಿ ಊರೇ ಇರುವುದಿಲ್ಲ, ಬರಿಯ ‘ಎಂ.ಎ., ಪಿಎಚ್.ಡಿ.’ ಇರುತ್ತದೆ. ಊರಿನ ಹೆಸರು ಕಂಡ ಕೂಡಲೇ ಮನಸ್ಸು ಅಲ್ಲಿಗೆ ವಾಲುವುದು ಸಹಜ. ವಾಲುವ ಮೊದಲು ಆ ಪದವಿಯ ಒಳಗೆ ಏನಿದೆ ಎಂದು ನೋಡಬೇಕು.

ಅಮೆರಿಕದಲ್ಲಿ ಮಾನವಿಕ ಅಥವಾ ಸಮಾಜ ವಿಜ್ಞಾನದ ಪಿಎಚ್.ಡಿ.ಗೆ ಸಾಮಾನ್ಯವಾಗಿ ಐದರಿಂದ ಏಳು ವರ್ಷ ಹಿಡಿಯುತ್ತದೆ. ಮೊದಲ ಎರಡು ವರ್ಷ ತರಗತಿಯಲ್ಲಿ ಕುಳಿತು ಓದು, ನಂತರ ಇಡೀ ಕ್ಷೇತ್ರದ ಮೇಲೊಂದು ಸಮಗ್ರ ಪರೀಕ್ಷೆ, ಆಮೇಲೆ ಮಹಾಪ್ರಬಂಧ. ನಡುವಿನ ವರ್ಷಗಳಲ್ಲಿ ಪದವಿ ವಿದ್ಯಾರ್ಥಿಗಳ ಚರ್ಚಾ ತರಗತಿ ನಡೆಸುವ, ಪ್ರಬಂಧ ತಿದ್ದುವ ಕೆಲಸವನ್ನೂ ಮಾಡಿರುತ್ತಾರೆ. ಹದಿನೆಂಟು ವರ್ಷದ ಹುಡುಗಿಯ ಬರವಣಿಗೆಯನ್ನು ಎಲ್ಲಿ ಹಿಡಿದು ತಿದ್ದಬೇಕು ಎಂಬುದು ಇಂಥವರಿಗೆ ಕೆಲಸಕ್ಕೆ ಸೇರುವ ಹೊತ್ತಿಗೇ ಗೊತ್ತಿರುತ್ತದೆ. ಮೊದಲ ವರ್ಷದ ವಿದ್ಯಾರ್ಥಿಯ ದೃಷ್ಟಿಯಿಂದ ನಾನು ಈ ಪದವಿಯಲ್ಲಿ ಹೆಚ್ಚು ಬೆಲೆ ಕೊಡುವುದು ವಿಶ್ವವಿದ್ಯಾಲಯದ ಹೆಸರಿಗಲ್ಲ, ಈ ತರಬೇತಿಗೆ.

ಬ್ರಿಟನ್ನಿನ ದಾರಿ ಬೇರೆ. ಮೂರು ನಾಲ್ಕು ವರ್ಷ, ಬಹುಮಟ್ಟಿಗೆ ನೇರ ಸಂಶೋಧನೆ. ಕೊನೆಯಲ್ಲಿ ಒಳಗಿನವರೊಬ್ಬರು, ಹೊರಗಿನವರೊಬ್ಬರು ಪರೀಕ್ಷಕರಾಗಿ ಮುಚ್ಚಿದ ಬಾಗಿಲೊಳಗೆ ಕುಳಿತು ಪ್ರಬಂಧವನ್ನು ಪುಟಪುಟವಾಗಿ ಕೆದಕುತ್ತಾರೆ. ಒಂದು ವಿಷಯದ ಆಳಕ್ಕೆ ಇಳಿದವರು ಸಿಗುತ್ತಾರೆ. ಆದರೆ ಹಲವು ಕ್ಷೇತ್ರಗಳ ಸಾಮಾನ್ಯ ಕೋರ್ಸ್ ಕಲಿಸುವ ಅಭ್ಯಾಸ ಅವರಿಗೆ ಇರಬಹುದು, ಇಲ್ಲದಿರಬಹುದು.

ನಮ್ಮ ದೇಶದಲ್ಲಿ ಈಗ ನಡೆಯುತ್ತಿರುವುದು ಯುಜಿಸಿಯ 2022ರ ನಿಯಮ. ಕನಿಷ್ಠ 3 ವರ್ಷ, ಸಾಮಾನ್ಯ ಗರಿಷ್ಠ 6 ವರ್ಷ, ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್, ಹೊರಗಿನ ಇಬ್ಬರು ಪರೀಕ್ಷಕರ ಮೌಲ್ಯಮಾಪನ, ಮೌಖಿಕ ಪರೀಕ್ಷೆ. ಒಬ್ಬ ಪ್ರಾಧ್ಯಾಪಕ ಒಂದು ಕಾಲಕ್ಕೆ 8 ಮಂದಿಗೆ, ಸಹ ಪ್ರಾಧ್ಯಾಪಕ 6 ಮಂದಿಗೆ, ಸಹಾಯಕ ಪ್ರಾಧ್ಯಾಪಕ 4 ಮಂದಿಗೆ ಮಾತ್ರ ಮಾರ್ಗದರ್ಶನ ನೀಡಬಹುದು. ಕಾಗದದ ಮೇಲೆ ಇದು ಗಟ್ಟಿ ನಿಯಮವೇ. ಆದರೆ ಒಂದು ವಿಭಾಗದಿಂದ ಇನ್ನೊಂದಕ್ಕೆ, ಒಬ್ಬ ಮಾರ್ಗದರ್ಶಕರಿಂದ ಇನ್ನೊಬ್ಬರಿಗೆ ಗುಣ ಬಹಳ ಏರುಪೇರಾಗುತ್ತದೆ ಎಂಬುದನ್ನು ಒಳಗಿದ್ದ ನಾನು ಮುಚ್ಚಿಡಲಾರೆ. ಭಾರತದ ಪಿಎಚ್.ಡಿ.ಯ ಬಗ್ಗೆ ‘ಎಲ್ಲಿಂದ’ ಎಂದು ಕೇಳಿದರೆ ಸಾಲದು, ‘ಯಾರ ಬಳಿ, ಯಾವುದರ ಮೇಲೆ’ ಎಂದೂ ಕೇಳಬೇಕು.

ನಮ್ಮ ಕಾಲೇಜುಗಳ ಬಹಳಷ್ಟು ಅಧ್ಯಾಪಕರು ಮೊದಲು ಕೆಲಸಕ್ಕೆ ಸೇರಿ, ಪಾಠ ಮಾಡುತ್ತಲೇ ಬೇಸಿಗೆ ರಜೆಗಳಲ್ಲಿ, ಭಾನುವಾರಗಳಲ್ಲಿ ಸಂಶೋಧನೆ ನಡೆಸಿ ಪಿಎಚ್.ಡಿ. ಪಡೆದವರು. ಯುಜಿಸಿಯ ಲೆಕ್ಕದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ ಇರುತ್ತದೆ. ಅದರ ನಡುವೆ ಮುಗಿಸಿದ ಪ್ರಬಂಧಕ್ಕೆ ಮೂವತ್ತೈದು ದಾಟಿದ ವಯಸ್ಸಿನ ಮುದ್ರೆ ಬಿದ್ದಿರುತ್ತದೆ. ಇದನ್ನು ಕೊರತೆ ಎಂದು ಎಣಿಸಬೇಡಿ. ಸಾವಿರ ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದಿದ ಮೇಲೆ ಸಂಶೋಧನೆಗೆ ಕೈಹಾಕಿದವರಿಗೆ ಯಾವ ಮಾತು ಯಾರಿಗೆ ಅರ್ಥವಾಗುತ್ತದೆ ಎಂಬ ಅಂದಾಜು ಚೆನ್ನಾಗಿರುತ್ತದೆ.

ಆಕರ ಯಾವ ಭಾಷೆಯಲ್ಲಿದೆ ಎಂದು ನೋಡಿ

ಹೋಲಿಕೆಯಲ್ಲಿ ಪೋಷಕರು ಎಂದೂ ನೋಡದ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಅಂಶ ಇದು. ಒಬ್ಬ ಅಧ್ಯಾಪಕರು ತಮ್ಮ ಪ್ರಬಂಧಕ್ಕಾಗಿ ಏನನ್ನು ಓದಿದರು? ಇಂಗ್ಲಿಷಿನಲ್ಲಿ ಬಂದ ಪುಸ್ತಕಗಳನ್ನೇ ಓದಿ ಅವುಗಳ ಮೇಲೆ ಇನ್ನೊಂದು ಪುಸ್ತಕ ಬರೆದರೋ, ಅಥವಾ ಶಾಸನ, ಕಡತ, ಓಲೆಗರಿ, ಹಳ್ಳಿಯವರ ಬಾಯಿಮಾತು ಇವುಗಳ ಬಳಿಗೆ ಹೋದರೋ?

ಮೈಸೂರಿಗೆ ಈ ಪ್ರಶ್ನೆ ಹೊಸದಲ್ಲ. 1905ರಲ್ಲಿ ಇಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. ಆ ಹಸ್ತಪ್ರತಿ ತಮಿಳುನಾಡಿನ ಕಡೆ ಸಂಸ್ಕೃತ ಬರೆಯಲು ಬಳಸುತ್ತಿದ್ದ ಗ್ರಂಥಲಿಪಿಯಲ್ಲಿತ್ತು. 1909ರಲ್ಲಿ ಅವರು ಅದನ್ನು ಪ್ರಕಟಿಸಿದ ಮೇಲೆ ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಜಗತ್ತು ಮಾತಾಡುವ ರೀತಿಯೇ ಬದಲಾಯಿತು. ಆ ಲಿಪಿಯನ್ನು ಓದಬಲ್ಲ ಕಣ್ಣು ಯಾವ ‘ವಿದ್ಯಾರ್ಹತೆ’ ಕಾಲಂನಲ್ಲಿಯೂ ಕಾಣುತ್ತಿರಲಿಲ್ಲ.

ಈಗಿನ ಮಾತಿಗೆ ಬಂದರೆ, ಮಂಡ್ಯ ಜಿಲ್ಲೆಯ ಶಾಸನಗಳ ಸಂಪುಟಗಳನ್ನು ಮುಂದಿಟ್ಟುಕೊಂಡು ಹಳಗನ್ನಡದ ಒಂದು ದಾನಶಾಸನವನ್ನು ತರಗತಿಯಲ್ಲಿ ಬಿಡಿಸಿ ಹೇಳಬಲ್ಲ ಇತಿಹಾಸದ ಅಧ್ಯಾಪಕರು ನಮ್ಮ ಎರಡೂ ಜಿಲ್ಲೆಗಳಲ್ಲಿದ್ದಾರೆ. ಅವರ ಎಂ.ಎ., ಪಿಎಚ್.ಡಿ. ಎರಡೂ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯದೇ ಇರಬಹುದು. ಅತ್ತ, ವಿದೇಶದಲ್ಲಿ ಓದಿಬಂದ ಇತಿಹಾಸಕಾರರು ಲಂಡನ್ನಿನ ದಾಖಲೆಗಳಲ್ಲಿ ವರ್ಷಗಟ್ಟಲೆ ಕುಳಿತು ವಸಾಹತುಶಾಹಿ ಆಡಳಿತವನ್ನು ಅರಗಿಸಿಕೊಂಡಿರಬಹುದು. ಎರಡೂ ದೊಡ್ಡ ಓದೇ. ನಿಮ್ಮ ಮಗಳಿಗೆ ಹೊಯ್ಸಳರ ಕೆರೆಗಳ ಬಗ್ಗೆ ಕುತೂಹಲವಿದ್ದರೆ ಮೊದಲನೆಯವರು, ಬ್ರಿಟಿಷರ ಕಂದಾಯ ನೀತಿಯ ಬಗ್ಗೆ ಇದ್ದರೆ ಎರಡನೆಯವರು ಹೆಚ್ಚು ಕೊಡಬಲ್ಲರು.

ಹೊರಗಿನ ಕಣ್ಣಿನ ಬೆಲೆಯನ್ನೂ ಹೇಳಬೇಕು. ವಿಯೆನ್ನಾದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಓದಿದ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್ಸ್‌ಟೈನ್ 1954ರಿಂದ 1956ರವರೆಗೆ ಮಂಡ್ಯದ ಬಳಿಯ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಹಳ್ಳಿಗಳಿಗೆ ವಂಗಲ, ದಲೇನ ಎಂಬ ಬದಲಿ ಹೆಸರು ಕೊಟ್ಟರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ. ನೀರು ಬಂದ ಹಳ್ಳಿ ಕಬ್ಬು ಬೆಳೆದು ಹಣ ಕಂಡರೂ ತನ್ನ ಹಳೆಯ ಸಾಮಾಜಿಕ ಕಟ್ಟನ್ನು ಬಹುಪಾಲು ಉಳಿಸಿಕೊಂಡಿತು. ನೀರು ಬಾರದ ಹಳ್ಳಿಯವರು ಪೇಟೆಯ ವ್ಯಾಪಾರಕ್ಕೆ, ನೌಕರಿಗೆ, ಗಾಡಿ ಬಾಡಿಗೆಗೆ ಕೈಹಾಕಿ ಬದುಕಿನ ರೀತಿಯನ್ನೇ ಬದಲಿಸಿಕೊಂಡರು. ನಮ್ಮ ಊರಿನ ಬಗ್ಗೆ ನಮಗೇ ಹೊಳೆಯದ ಮಾತು ಇದು. ದೂರದಿಂದ ಬಂದವರು ಪ್ರಶ್ನೆಯನ್ನು ಬೇರೆ ಕಡೆಯಿಂದ ಎತ್ತಿಕೊಂಡದ್ದರಿಂದ ಕಂಡಿತು.

ಎರಡೂ ಕೂಡಿದಾಗ ಏನಾಗುತ್ತದೆ ಎಂಬುದಕ್ಕೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಇದ್ದಾರೆ. ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕ ಘುರ್ಯೆ ಅವರ ಬಳಿ, ಆಮೇಲೆ ಆಕ್ಸ್‌ಫರ್ಡಿನಲ್ಲಿ ತರಬೇತಿ ಪಡೆದು, 1948ರಲ್ಲಿ ಮತ್ತೆ ಮೈಸೂರಿನ ಸಮೀಪದ ಹಳ್ಳಿಯೊಂದಕ್ಕೇ ಬಂದು ನೆಲೆಸಿ ಅಧ್ಯಯನ ಮಾಡಿದರು. ಅಧ್ಯಾಪಕರ ಪಟ್ಟಿಯಲ್ಲಿ ನಾನು ಹುಡುಕುವುದು ಇಂಥ ಹಾದಿಯನ್ನೇ: ಎರಡು ಮೂರು ಬೇರೆ ಬೇರೆ ಕಡೆ ಓದಿರಬೇಕು, ಆದರೂ ಇಲ್ಲಿಯ ಜನರ ಭಾಷೆಯಲ್ಲಿ ಕೆಲಸ ಮಾಡಿರಬೇಕು.

ಒಂದೇ ಬಾವಿಯ ನೀರು

ಇನ್ನು ಒಬ್ಬೊಬ್ಬರನ್ನು ಬಿಟ್ಟು ಇಡೀ ವಿಭಾಗವನ್ನು ನೋಡಿ. ಒಂದು ವಿಭಾಗದಲ್ಲಿ ಆರು ಮಂದಿ ಇದ್ದು, ಆರೂ ಜನ ಬಿ.ಎ.ಯಿಂದ ಪಿಎಚ್.ಡಿ.ವರೆಗೆ ಒಂದೇ ಕ್ಯಾಂಪಸ್ಸಿನಲ್ಲಿ ಓದಿದ್ದರೆ, ಅವರಲ್ಲಿ ನಾಲ್ವರಿಗೆ ಒಬ್ಬರೇ ಮಾರ್ಗದರ್ಶಕರಾಗಿದ್ದರೆ, ಆ ವಿಭಾಗದಲ್ಲಿ ಹಳೆಯ ನೋಟ್ಸು ಕೈಯಿಂದ ಕೈಗೆ ದಾಟುತ್ತಾ ಹೋಗುವ ಅಪಾಯವಿದೆ. ನಾನು ಇದ್ದ ವಿಭಾಗವೂ ಕೆಲವು ವರ್ಷ ಹಾಗೇ ಇತ್ತು. ಹೊರಗಿನಿಂದ ಹೈದರಾಬಾದಿನಲ್ಲಿ ಓದಿದ ಒಬ್ಬ ಯುವ ಅಧ್ಯಾಪಕಿ ಬಂದು ಸೇರಿದ ವರ್ಷವೇ ನಮ್ಮ ಪ್ರಶ್ನೆಪತ್ರಿಕೆಗಳ ಮಾದರಿ ಬದಲಾಯಿತು.

ಈ ಟೀಕೆಯನ್ನು ನಮ್ಮ ಕಾಲೇಜುಗಳ ಮೇಲೆ ಮಾತ್ರ ಹೊರಿಸುವುದು ಅನ್ಯಾಯ. ಖಾಸಗಿ ವಿಶ್ವವಿದ್ಯಾಲಯದ ವಿಭಾಗವೊಂದರಲ್ಲಿ ಎಲ್ಲರೂ ದೆಹಲಿಯ ಎರಡು ಮೂರು ಕಾಲೇಜುಗಳಲ್ಲಿ ಬಿ.ಎ. ಮುಗಿಸಿ ಅಮೆರಿಕದ ನಾಲ್ಕೈದು ಹೆಸರಾಂತ ಕಡೆ ಪಿಎಚ್.ಡಿ. ಪಡೆದವರೇ ಆಗಿದ್ದರೆ ಅದೂ ಒಂದೇ ಬಾವಿಯ ನೀರೇ. ಬಾವಿ ದೂರದ್ದು, ಅಷ್ಟೇ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಯಿಂದ ಬಂದ ಒಬ್ಬ ಅಧ್ಯಾಪಕರಾದರೂ ಇದ್ದಾರೆಯೇ, ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಬಿ.ಎ. ಓದಿದವರು ಯಾರಾದರೂ ಇದ್ದಾರೆಯೇ ಎಂದು ನೋಡಿ. ಇದ್ದರೆ ಮದ್ದೂರಿನ ಹುಡುಗಿ ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಪ್ರಬಂಧ ಬರೆಯಲು ತಡವರಿಸುವುದು ಅವರಿಗೆ ದಡ್ಡತನದಂತೆ ಕಾಣುವುದಿಲ್ಲ.

ಮೈಸೂರು ವಿಶ್ವವಿದ್ಯಾಲಯದ ಹಳೆಯ ವೈಭವವನ್ನು ನಾವು ಹೆಮ್ಮೆಯಿಂದ ಹೇಳುತ್ತೇವಲ್ಲ, ಅದರ ಗುಟ್ಟೂ ಬೆರಕೆಯಲ್ಲಿಯೇ ಇತ್ತು. 1916ರಲ್ಲಿ ಆರಂಭವಾದ ವಿಶ್ವವಿದ್ಯಾಲಯ 1918ರಲ್ಲಿ ಮದರಾಸಿನಿಂದ ರಾಧಾಕೃಷ್ಣನ್ ಅವರನ್ನು ತತ್ವಶಾಸ್ತ್ರಕ್ಕೆ ಕರೆತಂದಿತು. ಅವರ ಬಳಿ ಇದ್ದದ್ದು ಎಂ.ಎ. ಅದೇ ಮಹಾರಾಜ ಕಾಲೇಜಿನಲ್ಲಿ ಪ್ರಾಚ್ಯ ಗ್ರಂಥಾಲಯದ ಹಸ್ತಪ್ರತಿಗಳ ನಡುವೆ ಪಳಗಿದ ಎಂ. ಹಿರಿಯಣ್ಣ ಸಂಸ್ಕೃತ ಕಲಿಸುತ್ತಿದ್ದರು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯ ಕನ್ನಡ ಕಾವ್ಯದ ದಿಕ್ಕು ಬದಲಿಸಿದರು. ತೀ.ನಂ. ಶ್ರೀಕಂಠಯ್ಯನವರು ಇಂಗ್ಲಿಷ್, ಕನ್ನಡ ಎರಡರಲ್ಲಿಯೂ ಎಂ.ಎ. ಮಾಡಿದವರು. ಮುಂದೆ ಸಿ.ಡಿ. ನರಸಿಂಹಯ್ಯ ಕೇಂಬ್ರಿಜ್‌ಗೆ, ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಓದಿ ಮೈಸೂರಿಗೆ ಹಿಂದಿರುಗಿ ಪಾಠ ಮಾಡಿದರು. ಲಿಬರಲ್ ಆರ್ಟ್ಸ್ ಎಂಬ ಹೆಸರು ಆಗ ಯಾರ ಬಾಯಲ್ಲಿಯೂ ಇರಲಿಲ್ಲ. ಒಂದು ಶಿಸ್ತಿನವರು ಇನ್ನೊಂದರ ಅಂಗಳಕ್ಕೆ ಧೈರ್ಯವಾಗಿ ಕಾಲಿಡುವ ಆ ಗುಣ ಮಾತ್ರ ಇತ್ತು. ಇಂದಿನ ಪಟ್ಟಿಯಲ್ಲಿಯೂ ಅದನ್ನು ಹುಡುಕಬಹುದು: ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿದವರು, ಎಂಜಿನಿಯರಿಂಗ್ ಓದಿ ತತ್ವಶಾಸ್ತ್ರಕ್ಕೆ ಬಂದವರು ಇದ್ದಾರೆಯೇ? ಹಲವು ವಿಷಯಗಳನ್ನು ಬೆರೆಸಿ ಓದುವ ಪದವಿಯಲ್ಲಿ ಇಂಥವರು ಇರಲೇಬೇಕು. ಪ್ರತಿಯೊಬ್ಬರೂ ಬಿ.ಎ.ಯಿಂದ ಪಿಎಚ್.ಡಿ.ವರೆಗೆ ಒಂದೇ ವಿಷಯದ ಗೆರೆಯಲ್ಲಿ ನಡೆದವರಾದರೆ ‘ಅಂತರಶಿಸ್ತೀಯ’ ಎಂಬ ಮಾತು ಪ್ರಾಸ್ಪೆಕ್ಟಸ್ಸಿನಲ್ಲಿಯೇ ಉಳಿಯುತ್ತದೆ.

ತರಗತಿಗೆ ಬರುವವರು ಯಾರು?

ನನ್ನ ತಂಗಿಯ ಮಗ ಕೆಲವು ವರ್ಷಗಳ ಹಿಂದೆ ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯವೊಂದನ್ನು ಸೇರಿದ. ಸೇರಲು ಕಾರಣ ಪ್ರಾಸ್ಪೆಕ್ಟಸ್ಸಿನ ಮೂರನೆಯ ಪುಟದಲ್ಲಿದ್ದ ಒಬ್ಬ ಹೆಸರಾಂತ ಪ್ರಾಧ್ಯಾಪಕರ ಭಾವಚಿತ್ರ. ಅವರು ಸಂದರ್ಶಕ ಪ್ರಾಧ್ಯಾಪಕರು, ವರ್ಷಕ್ಕೆ ಒಮ್ಮೆ ಬಂದು ನಾಲ್ಕು ಉಪನ್ಯಾಸ ಕೊಟ್ಟು ಹೋಗುತ್ತಾರೆ ಎಂಬುದು ತಿಳಿದದ್ದು ಶುಲ್ಕ ಕಟ್ಟಿದ ಮೇಲೆ. ಮೊದಲ ವರ್ಷದ ಪಾಠವೆಲ್ಲ ಆಗಷ್ಟೇ ಎಂ.ಎ. ಮುಗಿಸಿದ ತಾತ್ಕಾಲಿಕ ಅಧ್ಯಾಪಕರದಾಗಿತ್ತು. ತಂಗಿ ಇಂದಿಗೂ ಆ ಬೇಸರ ಮರೆತಿಲ್ಲ. ಆದರೆ ಆ ತಾತ್ಕಾಲಿಕರಲ್ಲಿ ಒಬ್ಬರು ಅವನ ಪ್ರತಿ ಪ್ರಬಂಧವನ್ನೂ ಸಾಲುಸಾಲಾಗಿ ತಿದ್ದಿ, ಕೊನೆಯಲ್ಲಿ ಅರ್ಧ ಪುಟ ಟಿಪ್ಪಣಿ ಬರೆದು ಕೊಡುತ್ತಿದ್ದರು. ಅವನು ಇವತ್ತು ನಾಲ್ಕು ವಾಕ್ಯ ನೆಟ್ಟಗೆ ಬರೆಯುತ್ತಾನೆ ಎಂದರೆ ಅದು ಅವರ ಋಣ.

ಹಾಗಾಗಿ ಖಾಸಗಿ ವಿಶ್ವವಿದ್ಯಾಲಯಕ್ಕೆ ಕೇಳಬೇಕಾದ ಪ್ರಶ್ನೆ ‘ನಿಮ್ಮಲ್ಲಿ ಯಾರು ಯಾರು ಇದ್ದಾರೆ’ ಎಂಬುದಲ್ಲ, ‘ಕಳೆದ ವರ್ಷ ಮೊದಲ ಎರಡು ಸೆಮಿಸ್ಟರಿನ ಕೋರ್ಸ್‌ಗಳನ್ನು ಯಾರು ಕಲಿಸಿದರು’ ಎಂಬುದು. ಸಂದರ್ಶಕರು, ಗೌರವ ಪ್ರಾಧ್ಯಾಪಕರು, ವೃತ್ತಿ ಅನುಭವದ ಮೇಲೆ ನೇಮಕವಾದವರು ಇವರನ್ನೆಲ್ಲ ಬೇರೆ ಪಟ್ಟಿ ಮಾಡಿಕೊಳ್ಳಿ. ಕೊನೆಯ ಗುಂಪಿಗೆ ಯುಜಿಸಿ 2022ರಲ್ಲಿ ಮಾರ್ಗಸೂಚಿ ಕೊಟ್ಟಿದೆ: ಕನಿಷ್ಠ 15 ವರ್ಷಗಳ ವೃತ್ತಿ ಅನುಭವ ಬೇಕು, ಪದವಿಯ ಕಡ್ಡಾಯವಿಲ್ಲ, ಮಂಜೂರಾದ ಹುದ್ದೆಗಳ ಶೇ 10ನ್ನು ಮೀರುವಂತಿಲ್ಲ, ಒಬ್ಬರು ನಾಲ್ಕು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ಪತ್ರಿಕೋದ್ಯಮಕ್ಕೆ, ರಂಗಭೂಮಿಗೆ, ಸಾರ್ವಜನಿಕ ಆಡಳಿತಕ್ಕೆ ಇಂಥವರಷ್ಟು ಒಳ್ಳೆಯ ಗುರುಗಳಿಲ್ಲ. ಮೂವತ್ತು ವರ್ಷ ರಂಗದ ಮೇಲೆ ನಿಂತವರಿಂದ ನಾಟಕ ಕಲಿಯುವ ಭಾಗ್ಯಕ್ಕೆ ಯಾವ ಪಿಎಚ್.ಡಿ.ಯೂ ಸಮನಲ್ಲ. ಇತಿಹಾಸ, ಅರ್ಥಶಾಸ್ತ್ರದ ತಳಹದಿಯನ್ನು ಮಾತ್ರ ಕಾಯಂ ಅಧ್ಯಾಪಕರೇ ಹಾಕಬೇಕು.

ಸರ್ಕಾರಿ ಕಾಲೇಜಿಗೆ ಬಂದರೆ ಪ್ರಶ್ನೆ ಅತಿಥಿ ಉಪನ್ಯಾಸಕರದು. ಪಟ್ಟಿಯಲ್ಲಿ ಅವರ ಹೆಸರು ಕೆಲವೊಮ್ಮೆ ಇರುವುದೇ ಇಲ್ಲ, ತರಗತಿಯಲ್ಲಿ ಇರುವವರು ಬಹುಪಾಲು ಅವರೇ. ಅವರಲ್ಲಿ ನೆಟ್, ಕೆಸೆಟ್, ಪಿಎಚ್.ಡಿ. ಎಲ್ಲ ಮುಗಿಸಿ ಹದಿನೈದು ವರ್ಷದಿಂದ ಅದೇ ಕಾಲೇಜಿನಲ್ಲಿ ದುಡಿಯುತ್ತಿರುವವರನ್ನು ನಾನು ಬಲ್ಲೆ. ಕಾಯಂ ಆದವರಿಗಿಂತ ಓದಿನಲ್ಲಿ ಒಂದು ಹಿಡಿ ಹೆಚ್ಚೇ ಇರುವವರು ಅವರಲ್ಲಿದ್ದಾರೆ. ಕೊರತೆ ಅವರದಲ್ಲ, ವ್ಯವಸ್ಥೆಯದು. ವರ್ಷ ವರ್ಷ ನೇಮಕಾತಿ ತಡವಾಗಿ ಸೆಮಿಸ್ಟರಿನ ಮೊದಲ ವಾರಗಳು ಖಾಲಿ ಹೋಗುತ್ತವೆ. ಮುಂದಿನ ವರ್ಷ ಅವರೇ ಇರುತ್ತಾರೆ ಎಂಬ ಭರವಸೆ ಅವರಿಗೂ ಇಲ್ಲ, ವಿದ್ಯಾರ್ಥಿಗೂ ಇಲ್ಲ. ಆದ್ದರಿಂದ ಮಂಡ್ಯದ ಕಾಲೇಜನ್ನು ನೋಡುವಾಗ ನಿಮ್ಮ ಮಗಳ ಮೂರು ಐಚ್ಛಿಕ ವಿಷಯಗಳಲ್ಲಿ ಒಬ್ಬೊಬ್ಬರಾದರೂ ಕಾಯಂ ಅಧ್ಯಾಪಕರಿದ್ದಾರೆಯೇ ಎಂದು ವಿಚಾರಿಸಿ. ಎರಡು ವಿಷಯಕ್ಕೆ ಇದ್ದರೂ ಧೈರ್ಯವಾಗಿ ಸೇರಿಸಬಹುದು. ಒಂದಕ್ಕೂ ಇಲ್ಲದಿದ್ದರೆ ಯೋಚಿಸಿ.

ಎಲ್ಲಿ ಹುಡುಕುವುದು

ಇದಕ್ಕೆ ಒಂದು ಸಂಜೆ ಸಾಕು. ಭಾರತದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ಶೋಧಗಂಗಾ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅಧ್ಯಾಪಕರ ಹೆಸರು ಹಾಕಿದರೆ ಪ್ರಬಂಧದ ಶೀರ್ಷಿಕೆ, ಮಾರ್ಗದರ್ಶಕರು, ವರ್ಷ, ಭಾಷೆ ಎಲ್ಲ ಬರುತ್ತದೆ. ಪೀಠಿಕೆಯ ಹತ್ತು ಪುಟ ಓದಿ. ವಿಷಯ ಅರ್ಥವಾಗಬೇಕಾಗಿಲ್ಲ, ಬರೆದವರು ತಮ್ಮದೇ ಪ್ರಶ್ನೆಯೊಂದನ್ನು ಹಿಡಿದು ಹೊರಟಿದ್ದಾರೆಯೇ ಎಂಬುದು ಯಾರಿಗಾದರೂ ತಿಳಿಯುತ್ತದೆ. ಕಾಲೇಜಿಗೆ, ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನ್ಯತೆ ಇದ್ದರೆ ಅದರ ಸ್ವಯಂ ಅಧ್ಯಯನ ವರದಿ ಕಾಲೇಜಿನ ಜಾಲತಾಣದಲ್ಲಿರುತ್ತದೆ. ಅದರ ಎರಡನೆಯ ಮಾನದಂಡದಲ್ಲಿ ಮಂಜೂರಾದ ಹುದ್ದೆಗಳೆಷ್ಟು, ಪೂರ್ಣಾವಧಿ ಅಧ್ಯಾಪಕರೆಷ್ಟು, ಅವರಲ್ಲಿ ಪಿಎಚ್.ಡಿ. ಅಥವಾ ನೆಟ್ ಆದವರೆಷ್ಟು ಎಂಬ ಲೆಕ್ಕ ಕೊಟ್ಟಿರುತ್ತಾರೆ. ವರದಿಯ ವರ್ಷ ನೋಡಲು ಮರೆಯಬೇಡಿ, ನಿವೃತ್ತರಾದವರ ಹೆಸರು ಪಟ್ಟಿಯಲ್ಲಿ ಬಹುಕಾಲ ಉಳಿದಿರುತ್ತದೆ.

ಇಷ್ಟಾದ ಮೇಲೆ ವಿಭಾಗಕ್ಕೆ ಹೋಗಿ ಒಬ್ಬರನ್ನಾದರೂ ಕಂಡು ಮಾತಾಡಿ. ಮಗಳೇ ಮಾತಾಡಲಿ, ನೀವು ಹೊರಗೆ ಬೆಂಚಿನ ಮೇಲೆ ಕುಳಿತಿರಿ.

ಹಾಗಾದರೆ ಯಾವುದು?

ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಓದಿ ಬರೆಯುವ ಅಭ್ಯಾಸ ಈಗಾಗಲೇ ಇರುವ, ಯಾವ ವಿಷಯ ಎಂದು ಇನ್ನೂ ನಿರ್ಧರಿಸದ, ಮುಂದೆ ಹೊರದೇಶದಲ್ಲಿ ಓದುವ ಆಸೆಯಿರುವ ವಿದ್ಯಾರ್ಥಿಗೆ ಲಿಬರಲ್ ಆರ್ಟ್ಸ್ ವಿಶ್ವವಿದ್ಯಾಲಯವೇ ಸರಿ. ಅಲ್ಲಿನ ಅಧ್ಯಾಪಕರು ತಾವೇ ಆ ದಾರಿಯಲ್ಲಿ ಹೋಗಿಬಂದವರು. ಅರ್ಜಿ ಹೇಗೆ ಬರೆಯಬೇಕು, ಯಾರ ಬಳಿ ಓದಬೇಕು ಎಂದು ಹೇಳಬಲ್ಲರು, ಶಿಫಾರಸು ಪತ್ರ ಬರೆಯಬಲ್ಲರು. ಶುಲ್ಕ ಹೆಚ್ಚು ನಿಜ, ಆದರೆ ಮನೆಯ ಆದಾಯ ನೋಡಿ ಶುಲ್ಕ ತಗ್ಗಿಸುವ ಸಂಸ್ಥೆಗಳಿವೆ. ಅಂಥ ಕಡೆ ಕೇಳಲು ಸಂಕೋಚ ಬೇಡ. ಇವುಗಳ ಅರ್ಜಿ ಹಿಂದಿನ ವರ್ಷದ ಕೊನೆಯಲ್ಲಿಯೇ ಶುರುವಾಗುತ್ತದೆ, ಪಿಯುಸಿ ಫಲಿತಾಂಶಕ್ಕೆ ಕಾಯುತ್ತಾ ಕುಳಿತರೆ ತಡವಾಗುತ್ತದೆ.

ಕನ್ನಡ, ಇತಿಹಾಸ, ಜಾನಪದ, ಸಂಸ್ಕೃತ, ಭಾಷಾವಿಜ್ಞಾನ ಇವುಗಳಲ್ಲಿ ಮನಸ್ಸಿರುವ ವಿದ್ಯಾರ್ಥಿ ಮೈಸೂರು ಬಿಟ್ಟು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, 1891ರಿಂದ ಇರುವ ಪ್ರಾಚ್ಯ ವಿದ್ಯಾ ಸಂಶೋಧನಾಲಯ, 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನ, ಪುರಾತತ್ವ ಇಲಾಖೆಯ ಶಾಸನ ವಿಭಾಗ ಎಲ್ಲವೂ ಒಂದೇ ಊರಿನಲ್ಲಿವೆ. ಇಲ್ಲಿನ ಅಧ್ಯಾಪಕರ ಓದು ಈ ಮನೆಗಳ ಸುತ್ತಲೇ ಬೆಳೆದದ್ದು. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶವೂ ಇದೆ. 2024–25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿರುವುದರಿಂದ ಖರ್ಚು, ಸಮಯ ಎರಡೂ ಕಡಿಮೆ.

ಮಂಡ್ಯದ ಸರ್ಕಾರಿ ಕಾಲೇಜನ್ನು ‘ಬೇರೆ ಎಲ್ಲೂ ಸಿಗದಿದ್ದರೆ’ ಎಂಬ ಸಾಲಿನಲ್ಲಿ ಇಡುವುದನ್ನು ದಯವಿಟ್ಟು ನಿಲ್ಲಿಸಿ. ರೈತ ಚಳವಳಿ, ನೀರಾವರಿ, ಸಹಕಾರ, ಗ್ರಾಮೀಣ ಆರ್ಥಿಕತೆಯ ಬಗ್ಗೆ ಅಲ್ಲಿನ ಅಧ್ಯಾಪಕರಲ್ಲಿ ಕೆಲವರು ಬರೆದಿರುವುದು ಬೇರೆ ಕಡೆ ಸಿಗುವುದಿಲ್ಲ. ಅವರು ಆ ಊರುಗಳವರೇ. ಮನೆಯಿಂದ ಓಡಾಡಿಕೊಂಡು ಓದುವ, ಮೂರು ವರ್ಷದ ಮೇಲೆ ಒಳ್ಳೆಯ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎ.ಗೆ ಹೊರಗೆ ಹೋಗುವ ಯೋಜನೆ ಇರುವ ಮಗುವಿಗೆ ಅದು ತಕ್ಕ ಜಾಗ. ಕಾಯಂ ಅಧ್ಯಾಪಕರ ಲೆಕ್ಕ ಮಾತ್ರ ಮೊದಲೇ ನೋಡಿಕೊಳ್ಳಿ.

ಮೊನ್ನೆ ರಾತ್ರಿ ಮದ್ದೂರಿನಿಂದ ಫೋನ್ ಬಂತು. ಹುಡುಗಿ ಮೂರೂ ಕಡೆಯ ಹದಿನೇಳು ಅಧ್ಯಾಪಕರ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಒಬ್ಬೊಬ್ಬರ ಎದುರಿಗೂ ಎಲ್ಲಿ ಓದಿದರು, ಯಾರ ಬಳಿ, ಯಾವ ಭಾಷೆಯಲ್ಲಿ, ಮೊದಲ ವರ್ಷಕ್ಕೆ ಪಾಠ ಇದೆಯೇ ಎಂದು ತುಂಬಿಸಿದ್ದಾಳೆ. ಶೋಧಗಂಗಾದಲ್ಲಿ ಅವರಲ್ಲೊಬ್ಬರ ಪ್ರಬಂಧ ಸಿಕ್ಕಿದೆ, ನಾಲಾ ಬಯಲಿನ ಭೂ ಹಿಡುವಳಿಯ ಮೇಲೆ, ಕನ್ನಡದಲ್ಲಿ ಬರೆದದ್ದು. ನಲವತ್ತು ಪುಟ ಓದಿದ್ದಾಳೆ. “ಮಾವ, ಇವರು ನಮ್ಮ ಪಕ್ಕದ ಊರಿನ ಲೆಕ್ಕ ಕೊಟ್ಟಿದ್ದಾರೆ. ಗೇಣಿದಾರರ ಹೆಂಗಸರ ಹೆಸರಿನಲ್ಲಿ ಎಷ್ಟು ಜಮೀನಿತ್ತು ಅಂತ ಎಲ್ಲೂ ಹೇಳಿಲ್ಲ. ಅದನ್ನು ಕೇಳಬಹುದಾ?” ಎಂದಳು. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಅಧ್ಯಾಪಕರು ವಿಭಾಗದಲ್ಲಿ ಸಿಗುತ್ತಾರಂತೆ. ಅಪ್ಪ ಮಗಳು ಮೊದಲ ಬಸ್ಸಿಗೆ ಹೊರಡುತ್ತಿದ್ದಾರೆ.